ಕೆಂದನ ವಿಲೇವಾರಿ

ರಾಮಾಪುರ
೨೧-೧-೧೯೫೨

ದೊಡ್ಡಪ್ಪನವರ ಸುಡದೆ ಉಳಿದ ಬಲಗಾಲಿಗೆ ಗುರುಪಾದಸ್ವಾಮಿಯ ಸಾಷ್ಟಾಂಗ ನಮಸ್ಕಾರ.

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ತಮ್ಮ ಎಡಗಾಲೂ ಚೇತರಿಸಿಕೊಳ್ಳುತ್ತಿದೆಯೆಂದು ನಂಬಿದ್ದೇವೆ. ಸಂಕ್ರಾಂತಿಯ ಬೆಳಿಗ್ಗೆ ನಮ್ಮ ಮುದಿ ಎತ್ತು ಕೆಂದನನ್ನು ಸಾಕ್ಷಾತ್ ಬಸವಣ್ಣನೆಂದು ಪೂಜಿಸಿ, ಕಾಲಿಗೆ ಬಿದ್ದವರು ತಾವು. ಸಂಜೆ ಎತ್ತುಗಳಿಗೆ ಕಿಚ್ಚು ಹಾಯಿಸುವಾಗ ಅದು ಬೆಂಕಿಗೆ ಹೆದರಿ ನಿಂತುಬಿಟ್ಟಿತು. "ಊರ್ ಮುಂದೆ ಮಾನ ಕಳೀತೀಯೇನ್ಲಾ, ಮುದಿಯಾ?" ಎಂದು ಅದರ ಬಾಲ ಕಚ್ಚಿದವರೂ ತಾವೇ. ಅದು ಪಕ್ಕಕ್ಕೆ ಕೊಸರಿಕೊಂಡಿತು. ಕಿಚ್ಚನ್ನು ತಾವು ಹಾಯ್ದಿರಿ.

"ನಾ ಬರೋಷ್ಟ್ರಲ್ಲಿ ಅದು ಕೊಟ್ಟಿಗೇಲಿರಬಾರ್ದು, ಕಟುಕರಿಗೆ ಕೊಟ್ಬುಡಿ" ಎಂಬ ತಮ್ಮ ಅಪ್ಪಣೆ ತಲುಪಿತು. ದೊಡ್ಡಮ್ಮ ಅತ್ತರು. ಆದರೆ ತಮ್ಮ ಮಾತು ಮೀರುವ ಗಂಡು ಈ ಮನೆಯಲ್ಲಿ ಇನ್ನೂ ಹುಟ್ಟಿಲ್ಲ.

ನಿನ್ನೆ ಹನೂರಿನಿಂದ ಕಟುಕರ ಆಳು ಬಂದಿದ್ದ. ತಮ್ಮನ್ನು ಗಾಡಿಯಲ್ಲಿ ಸಾಗಿಸಿದಂದಿನಿಂದ ಕೆಂದ ಹುಲ್ಲು ಮುಟ್ಟಿರಲಿಲ್ಲ, ಬಾಗಿಲು ನೋಡುತ್ತಲೇ ನಿಂತಿತ್ತು. ಎಳೆದರೂ ಹೊಡೆದರೂ ಜಪ್ಪಯ್ಯ ಅನ್ನಲಿಲ್ಲ. ಕಡೆಗೆ ಈ ಬುದ್ಧಿವಂತ, ಗೂಟದಲ್ಲಿದ್ದ ತಮ್ಮ ಬೆವರಿನ ಟವೆಲನ್ನು ತಂದು ಅದರ ಮೂಗಿಗೆ ಹಿಡಿದೆ.

"ಬಾ ಕಣಪ್ಪ, ಯಜಮಾನ್ರು ಕರೀತಾವ್ರೆ" ಅಂದೆ.

ಆಮೇಲೆ ಹಗ್ಗವೇ ಬೇಕಾಗಲಿಲ್ಲ. ಹನೂರಿನ ತನಕ ಎಳೆಗರುವಿನಂತೆ ನನ್ನ ಹಿಂದೆಯೇ ನಡೆಯಿತು. ಕಟುಕರ ಅಂಗಳದೊಳಕ್ಕೂ ತಾನಾಗಿಯೇ ಹೋಯಿತು. ಒಳಗೆ ಹೋಗಿ, ತಾವು ಎಲ್ಲಿ ಅಂತ ಸುತ್ತ ನೋಡಿತು.

ಆ ಟವೆಲನ್ನು ಇದರ ಜೊತೆ ಕಳಿಸಿದ್ದೇನೆ. ದಾರಿಯುದ್ದಕ್ಕೂ ಕೆಂದ ಅದನ್ನು ನೆಕ್ಕುತ್ತಲೇ ಬಂದಿದ್ದರಿಂದ ಒಗೆಯಲು ಮನಸ್ಸಾಗಲಿಲ್ಲ. ಆಸ್ಪತ್ರೆಯಲ್ಲಿ ಸೆಕೆಯಾದರೆ ದಯವಿಟ್ಟು ಮುಖ ಒರೆಸಿಕೊಳ್ಳುವುದು.

ತಮ್ಮ ಅಪ್ಪಣೆಯನ್ನು ಚಾಚೂತಪ್ಪದೆ ನಡೆಸಿದ ಮಗ,
ಗುರುಪಾದ