ಮಕ್ಕಳ ಹೊಲದ ಬಿಳಿ ಕಲ್ಲು

ಕ್ಯಾರೊಮೋರ್, ಕ್ಲೇರ್ ಸೀಮೆ
ನವೆಂಬರ್ ೧೯, ೧೯೫೩

ಪ್ರೀತಿಯ ಮಿಸ್ ಪಿಮ್ ಅವರಿಗೆ,

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆರೆದ ಹಾಗಿದೆ, ಕಾಗುಣಿತ ಅದಕ್ಕಿಂತ ಕಡೆ. ಅಜ್ಜಿಯನ್ನು ನೋಡಿಕೊಳ್ಳಲು ಹನ್ನೆರಡು ತುಂಬುವ ಮೊದಲೇ ಶಾಲೆ ಬಿಟ್ಟವಳು ನಾನು. ಆಮೇಲೆ ಕಲಿತದ್ದೆಲ್ಲ, ನೀವು ಬೇಸಿಗೆಯಲ್ಲಿ ಚಿತ್ರ ಬರೆಯಲು ಬಂದು ನಮ್ಮ ಮೇಲಿನ ಕೋಣೆಯಲ್ಲಿ ಉಳಿಯುವಾಗ ನಿಮ್ಮ ಪುಸ್ತಕಗಳಿಂದ. ನೀವು ತಪ್ಪುಗಳನ್ನು ದಾಟಿಕೊಂಡು ಓದುತ್ತೀರಿ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಿಮ್ಮ ಪತ್ರ ಮಂಗಳವಾರ ಬಂತು. ನನ್ನ ಕಥೆಯನ್ನು ಡಬ್ಲಿನ್ನಿನ ಆ ಪತ್ರಿಕೆಯ ಸಂಪಾದಕರಿಗೆ ತೋರಿಸಿದಿರಿ, ಅವರು ಹೊಸ ವರ್ಷದ ಸಂಚಿಕೆಗೆ ಒಪ್ಪಿದರು ಎಂದು ಓದಿ, ಕೊಟ್ಟಿಗೆಗೆ ಹೋಗಿ ಹಸುವಿನ ಮರೆಯಲ್ಲಿ ನಿಂತು ಇನ್ನೊಮ್ಮೆ ಓದಿದೆ. ಸಂಪಾದಕರು ಎರಡು ವಿಷಯಕ್ಕೆ ಉತ್ತರ ಕೇಳಿದ್ದಾರೆ. ಕಥೆಯನ್ನು ಯಾವ ಹೆಸರಿನಲ್ಲಿ ಅಚ್ಚು ಹಾಕಬೇಕು? ಕೊನೆಯಲ್ಲಿ ತಂದೆ ಮಗುವನ್ನು ಹೂತು ಮೇಲೆ ಮುಳ್ಳುಗಿಡದ ಕೊಂಬೆ ಇಡುವ ಸಾಲನ್ನು ತಿದ್ದಬಹುದೇ? ಎರಡನೆಯದು ನಿಮ್ಮದೇ ಮಾತು ಎಂದು ಬಲ್ಲೆ. ಇಡೀ ಕಥೆಯಲ್ಲಿ ಆ ಕೊಂಬೆಯೊಂದೇ ಸುಳ್ಳು ಎನಿಸುತ್ತದೆ, ನಮ್ಮೂರಿನ ಗಾಳಿಗೆ ಅದು ಒಂದು ವಾರವೂ ನಿಲ್ಲುವುದಿಲ್ಲ ಎಂದು ಬರೆದಿದ್ದೀರಿ. ಈ ಕಥೆ ಯಾರಿಂದ ಕೇಳಿದೆ ಎಂದೂ ಕೇಳಿದ್ದೀರಿ.

ಹೆಸರಿನ ವಿಷಯ ಮೊದಲು. ಎತ್ನಾ ಮಾರಿನನ್ ಎಂದು ಅಚ್ಚಾದರೆ ಅದು ಫಾದರ್ ಕ್ಲೂನ್ ಅವರ ಕಿವಿಗೆ ಬೀಳುವುದು ಖಂಡಿತ. ದೀಕ್ಷಾಸ್ನಾನದ ನೀರು ಬೀಳುವ ಮೊದಲೇ ಸತ್ತ ಮಕ್ಕಳಿಗೆ ಚರ್ಚಿನ ಅಂಗಳದಲ್ಲಿ ಜಾಗವಿಲ್ಲ. ಅವುಗಳನ್ನು ಅಪ್ಪಂದಿರು ಬೆಳಕು ಹರಿಯುವ ಮೊದಲು ಕೋಟಿನಡಿ ಹೊತ್ತುಕೊಂಡು ಹೋಗಿ ಗೋಡೆಯಾಚೆಯ ಹೊಲದಲ್ಲಿ ಮುಚ್ಚಿ ಬರುತ್ತಾರೆ. ಇದನ್ನು ಬಾಯಲ್ಲೂ ಆಡಬಾರದು, ಇನ್ನು ಅಚ್ಚು ಹಾಕುವುದೆಂದರೆ ಕೇಳಬೇಕೇ? ನನ್ನಮ್ಮ ಚರ್ಚು ಗುಡಿಸುವವಳು, ಪೂಜಾಪೀಠದ ಬಟ್ಟೆ ಒಗೆದು ಇಸ್ತ್ರಿ ಮಾಡುವವಳು. ಆ ಕೆಲಸ ಅವಳ ಕೈಯಿಂದ ಹೋದರೆ ಮನೆಗೆ ತೊಂದರೆ ಎಂಬುದು ಇರಲಿ, ಊರಿನಲ್ಲಿ ಅವಳು ತಲೆ ಎತ್ತಿ ನಡೆಯಲಾರಳು.

ನೀವು ನೆರೆಮನೆಯ ಹೋನನ್ ತಾತನಿಗೆ ಬಿಟ್ಟುಹೋದ, ಸರ್ಕಾರ ನಿಷೇಧಿಸಿದ ಆ ಕಾದಂಬರಿಯ ಗತಿ ಕೇಳಿ. ಫಾದರ್ ಮನೆಗೇ ಬಂದು ಮಾಡುವ ಪೂಜೆಯ ಸರದಿ ಈ ಸಲ ಹೋನನ್ನರದು. ಗೋಡೆಗೆ ಸುಣ್ಣ ಬಳಿದರು, ಹೊಸ ಪಿಂಗಾಣಿ ತಂದರು, ಊರವರೆಲ್ಲ ಅವರ ಅಡುಗೆಮನೆಯಲ್ಲಿ ಮೊಣಕಾಲೂರಿದೆವು. ಪೂಜೆ ಮುಗಿಸಿ ಫಾದರ್ ತಿಂಡಿಗೆ ಕೂತರು. ಮೇಜು ಅಲುಗಾಡದಿರಲಿ ಎಂದು ತಾತನ ಹೆಂಡತಿ ಅದರ ಕಾಲಡಿಗೆ ಕೊಟ್ಟಿದ್ದು ನಿಮ್ಮ ಕಾದಂಬರಿಯನ್ನೇ! ಓದು ಬಾರದ ಹೆಂಗಸು, ದಪ್ಪ ನೋಡಿ ತೆಗೆದುಕೊಂಡಿದ್ದಳು. ಫಾದರ್ ಚಮಚ ಬೀಳಿಸಿ ಬಗ್ಗಿದರು, ಚಮಚ ಬಿಟ್ಟು ಪುಸ್ತಕ ಎತ್ತಿಕೊಂಡರು.

ಆ ಸಂಜೆ ತಾತ ನಮ್ಮ ಮನೆಗೆ ಬಂದು ಒಲೆಯ ಮುಂದೆ ಕೂತ. ನಮ್ಮ ಒಲೆಯ ಮುಂದೆ ಕೂತವರು ಒಂದು ಕಥೆ ಹೇಳದೆ ಏಳುವ ಹಾಗಿಲ್ಲವಲ್ಲ, ತನ್ನ ಕಥೆಯನ್ನೇ ಹೇಳಿದ.

"ಇಂಗ್ಲಿಷ್ ಸಿಪಾಯಿಗಳಿಗೆ ನನ್ನ ಹಿಡಿಯೋಕೆ ಎರಡು ವರ್ಷ ಬೇಕಾಯ್ತು ಕಣಯ್ಯಾ ಮರ್ಟಿ," ಎಂದ ಅಪ್ಪನಿಗೆ. "ಫಾದರ್‌ಗೆ ಆ ಪುಸ್ತಕ ಹಿಡಿಯೋಕೆ ಒಂದು ಮೊಟ್ಟೆ ತಿನ್ನೋ ಹೊತ್ತು ಸಾಕಾಯ್ತು. ಆವಾಗ್ಲೇ ಅವರನ್ನ ನಮ್ಮ ದಳಕ್ಕೆ ಸೇರಿಸ್ಕೊಂಡಿದ್ರೆ ಸ್ವಾತಂತ್ರ್ಯ ಬೇಗ ಬರ್ತಿತ್ತು."

"ಸುಮ್ನೆ ಚಹಾ ಕುಡಿಯೋ. ಭಾನುವಾರದ ಪ್ರವಚನದಲ್ಲಿ ನಿನ್ನ ಹೆಸರು ಬರತ್ತೆ," ಎಂದ ಅಪ್ಪ.

"ಬರ್ಲಿ ಬಿಡು. ಹೆಂಡತಿ ಬಿಟ್ರೆ ನನ್ನ ಹೆಸರು ಹಿಡಿದು ಬೈಯೋರೇ ಇಲ್ಲ ಈ ಊರಲ್ಲಿ."

ಎಲ್ಲರೂ ನಕ್ಕರು. ಆಮೇಲೆ ಅವನು ಬೆಂಕಿ ನೋಡುತ್ತಾ, "ನಾನು ಬಂದೂಕು ಹಿಡಿದಿದ್ದು ಪದ್ಯ ಬರೆಯೋರ ಮಾತು ಕೇಳಿ ಕಣ್ರೋ. ಅವರು ಗುಂಡಿಗೆ ಎದೆ ಕೊಟ್ರು. ಈಗ ನಮ್ಮದೇ ಸರ್ಕಾರ, ನಮ್ಮದೇ ಬಾವುಟ, ಬರೆಯೋರನ್ನ ಕಂಡ್ರೆ ಮಾತ್ರ ಗಡಗಡ ನಡುಗ್ತಾರೆ," ಎಂದ. ನನ್ನ ಕಡೆ ತಿರುಗಿ, "ಏನಮ್ಮಾ ಮೂಲೇಲಿ ಕೂತಿರೋಳೇ, ನೀನೂ ಬರೀತೀಯಂತಲ್ಲ? ಮೇಜಿನ ಕಾಲಿಗೆ ಆಗೋಷ್ಟು ದಪ್ಪ ಬರಿ," ಎಂದ. ನಾನು ಕೋಳಿಗಳನ್ನು ನೋಡುವ ನೆವದಲ್ಲಿ ಹೊರಗೆ ಹೋದೆ.

ಅಮ್ಮನಿಗೆ ತಿಳಿಸದೆ ಒಪ್ಪಿಗೆ ಕೊಡುವುದು ನನ್ನಿಂದಾಗಲಿಲ್ಲ. ಬುಧವಾರ ಅವಳು ಪೀಠದ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಗ ಮೇಜಿನ ಆ ಕಡೆ ಕೂತು ಕಥೆಯನ್ನು ಮೊದಲಿಂದ ಕೊನೆಯವರೆಗೂ ಓದಿದೆ. ಎಲ್ಲೂ ತಲೆ ಎತ್ತಲಿಲ್ಲ. ಇಸ್ತ್ರಿ ಓಡಾಡುವ ಸದ್ದು ಎರಡನೆಯ ಪುಟದಲ್ಲಿ ನಿಂತಿತು. ಮುಗಿದ ಮೇಲೆ ನೋಡಿದರೆ ಇಸ್ತ್ರಿಪೆಟ್ಟಿಗೆ ಒಲೆಯ ಪಕ್ಕ ತಣ್ಣಗೆ ಕೂತಿತ್ತು.

"ಅಲ್ಲಿ ಚಳಿ ಇರತ್ತೇನೇ?" ಎಂದು ಕೇಳಿದಳು.

ಸ್ವರ್ಗವೂ ಅಲ್ಲದ ನರಕವೂ ಅಲ್ಲದ, ಆ ಮಕ್ಕಳು ಹೋಗುತ್ತಾರೆ ಎನ್ನುವ ಜಾಗದ ಮಾತು ಅದು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದನ್ನೇ ಹೇಳಿದೆ. ಅಲ್ಲಿ ಸುಖವೂ ಇಲ್ಲ, ನೋವೂ ಇಲ್ಲ ಅಂತ.

"ಚಳಿ ನೋವಲ್ವಾ? ಅದನ್ನ ಬರೆದೋರಿಗೆ ಮಕ್ಕಳಿರಲಿಲ್ಲ ಅನ್ಸತ್ತೆ," ಎಂದಳು. ಮತ್ತೆ ಪೆಟ್ಟಿಗೆ ಬಿಸಿಗಿಟ್ಟು, "ಅಚ್ಚಾಗ್ಲಿ ಬಿಡು. ನಿನ್ನ ಹೆಸರು ಮಾತ್ರ ಬೇಡ ಕಣೇ. ಈ ಬಟ್ಟೆ ನನ್ನ ಕೈಯಿಂದ ಕಿತ್ಕೋತಾರೆ," ಎಂದಳು.

ಬೇರೆ ಹೆಸರಿಡುತ್ತೇನೆ ಅಂದೆ. ಯಾವುದು ಎಂದು ಕೇಳಿದಳು. ನಾನು ಅವಳನ್ನೇ ಕೇಳಿದೆ, "ಅವನು ಬದುಕಿದ್ರೆ ಏನಂತ ಕರೀತಿದ್ದೆ ಅಮ್ಮ?"

ಮಿಸ್ ಪಿಮ್, ನಿಮ್ಮ ಪ್ರಶ್ನೆಗೂ ಇದೇ ಉತ್ತರ. ಈ ಕಥೆ ಯಾರೋ ಹೇಳಿದ್ದಲ್ಲ, ನಮ್ಮ ಮನೆಯದು. ನಾನು ಹುಟ್ಟಿದ ದಿನ ನನಗಿಂತ ಮೊದಲು ಒಬ್ಬ ಅಣ್ಣ ಹುಟ್ಟಿದ. ಅವನು ಅಳಲಿಲ್ಲ. ನನಗೆ ನೀರು ಬಿತ್ತು, ಹೆಸರು ಸಿಕ್ಕಿತು. ಅಮ್ಮ ಹಾಸಿಗೆಯಲ್ಲಿದ್ದಳು, ಅಪ್ಪ ಒಬ್ಬನೇ ಹೋಗಿಬಂದ. ಹೊಲದಲ್ಲಿ ಎಲ್ಲಿ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ದೆವ್ವ, ರಾಜ, ಸಮುದ್ರದ ಹೆಂಗಸು ಎಂದು ದಿನಾ ಸಂಜೆ ಒಲೆಯ ಮುಂದೆ ಹೇಳುವ ಮನುಷ್ಯ ಈ ಒಂದರ ಬಗ್ಗೆ ಮಾತ್ರ ಬಾಯಿ ಬಿಟ್ಟಿಲ್ಲ. ನವೆಂಬರಿನಲ್ಲಿ ಪೀಠದ ಮುಂದೆ ಊರಿನ ಸತ್ತವರ ಹೆಸರೆಲ್ಲ ಓದುತ್ತಾರೆ. ಹೆಸರೇ ಇಲ್ಲದವನನ್ನು ಏನೆಂದು ಓದಿಸುವುದು?

"ಸೆನನ್," ಎಂದಳು ಅಮ್ಮ. ತಡಮಾಡಲಿಲ್ಲ, ಯೋಚಿಸಲೂ ಇಲ್ಲ. ನಮ್ಮ ನದಿಬಾಯಿಯ ದ್ವೀಪದ ಸಂತನ ಹೆಸರು. "ಮಾರಿನನ್ ಅಂತ ಹಾಕ್ಬೇಡ. ನಮ್ಮಜ್ಜಿ ಮನೆಯೋರು ಟಾಲ್ಟಿ, ಅವರು ಯಾರೂ ಈಗ ಇಲ್ಲಿಲ್ಲ."

ಹಾಗಾಗಿ ಸಂಪಾದಕರಿಗೆ ದಯವಿಟ್ಟು ತಿಳಿಸಿ, ಕಥೆ ಸೆನನ್ ಟಾಲ್ಟಿ ಎಂಬ ಹೆಸರಿನಲ್ಲಿ ಬರಲಿ.

ಇನ್ನು ಆ ಕೊಂಬೆ. ಅದು ಸುಳ್ಳು ಎಂದು ನೀವು ಕಂಡುಹಿಡಿದದ್ದು ಸರಿ. ಆಗಸ್ಟಿನಲ್ಲಿ ನೀವು ಗೋಡೆಯ ಮೇಲೆ ಕೂತು ಆ ಹೊಲದ ಚಿತ್ರ ಬರೆದಿರಿ. ಸಂಜೆ ಊಟದ ಮೇಜಿಗೆ ಅಲ್ಲಿಂದ ಒಂದು ಬಿಳಿ ಬೆಣಚುಕಲ್ಲು ತಂದು, ಎಷ್ಟು ಚೆನ್ನಾಗಿದೆ ನೋಡಿ, ಇದನ್ನು ಡಬ್ಲಿನ್ನಿಗೆ ಒಯ್ದು ಕಿಟಕಿಯ ಬಳಿ ಇಡುತ್ತೇನೆ ಎಂದಿರಿ. ಅಪ್ಪ ಚಹಾ ಅರ್ಧಕ್ಕೆ ಬಿಟ್ಟು ಎದ್ದುಹೋದ. ನಿಮಗೆ ಅದು ಗೊತ್ತಾಗಲಿಲ್ಲ, ಗೊತ್ತಾಗಲು ದಾರಿಯೂ ಇರಲಿಲ್ಲ. ನೀವು ಮೇಲೆ ಮಲಗಲು ಹೋದ ಮೇಲೆ ಅಮ್ಮ ನನಗೆ ಅಣ್ಣನ ವಿಷಯ ಹೇಳಿದ್ದು ಆ ಕಲ್ಲಿನಿಂದಲೇ. ಅಲ್ಲಿ ಅಪ್ಪಂದಿರು ಇಡುವುದು ಬಿಳಿ ಕಲ್ಲು. ನಿಮಗೆ ನೋವಾಗಬಾರದೆಂದು ಕಥೆಯಲ್ಲಿ ಕೊಂಬೆ ಇಟ್ಟೆ. ದಯವಿಟ್ಟು ಅದನ್ನು ಹೊಡೆದುಹಾಕಿ 'ಬಿಳಿ ಕಲ್ಲು' ಎಂದು ಬರೆಯಿರಿ. ಕಲ್ಲನ್ನು ಅಂಚೆಯಲ್ಲಿ ಕಳಿಸಿಕೊಡಿ. ನೀವು ಅದನ್ನು ಎತ್ತುವ ಮೊದಲೇ ಚಿತ್ರದಲ್ಲಿ ಬರೆದಿರಿ, ಅಲ್ಲಿ ಅದು ತನ್ನ ಜಾಗದಲ್ಲೇ ಇದೆ. ಚಿತ್ರ ನಿಮ್ಮ ಬಳಿಯೇ ಇರಲಿ.

ಯಾರೂ ನೋಡದೆ ಇದ್ದರೆ ಒಂದು ವಸ್ತು ಇದೆಯೋ ಇಲ್ಲವೋ ಎಂದು ಕೇಳಿದ ಒಬ್ಬ ಬಿಷಪ್ ನಮ್ಮ ದೇಶದಲ್ಲೇ ಹುಟ್ಟಿದ್ದರು ಎಂದು ಒಮ್ಮೆ ಹೇಳಿದ್ದಿರಿ. ದೊಡ್ಡವರಿಗೆ ಬೇರೆ ಕೆಲಸವಿಲ್ಲ ಎಂದು ಅವತ್ತು ನಕ್ಕಿದ್ದೆ. ಈಗ ದನ ಹೊಡೆದುಕೊಂಡು ಹೋಗುವಾಗ ಅದೇ ನೆನಪಾಗುತ್ತದೆ. ಆ ಹೊಲದ ಪಕ್ಕ ಇಡೀ ಊರು ಮುಖ ತಿರುಗಿಸಿ ನಡೆಯುತ್ತದೆ, ಹೊಲ ಮಾತ್ರ ಇದ್ದಲ್ಲೇ ಇದೆ.

ಮುಂದಿನ ಬೇಸಿಗೆಗೆ ಖಂಡಿತ ಬನ್ನಿ. ಈ ಪತ್ರ ಓದಿ ಸಂಕೋಚಪಟ್ಟು ಬರದೆ ಇದ್ದುಬಿಡಬೇಡಿ. ಕೋಣೆ ನಿಮಗಾಗಿಯೇ ಇದೆ.

ನಿಮ್ಮ ಪ್ರೀತಿಯ,
ಎತ್ನಾ ಮಾರಿನನ್

ಮ.ವಿ.: ಪತ್ರ ನಿನ್ನೆಯೇ ಮುಗಿಸಿದ್ದೆ, ಅಂಚೆಯವನು ಬರುವ ಮೊದಲು ಇದಿಷ್ಟು ಸೇರಿಸುತ್ತಿದ್ದೇನೆ. ನಿಮ್ಮ ಕಲ್ಲು ಬರುವವರೆಗೆ ಜಾಗ ಖಾಲಿ ಇರಬಾರದು ಎನಿಸಿ ಇಂದು ಬೆಳಿಗ್ಗೆ ತೊರೆಯಿಂದ ಒಂದು ಬಿಳಿ ಕಲ್ಲು ತೊಳೆದು ತಂದೆ. ಹುಲ್ಲು ಬೆಳೆದು ಗುರುತು ಸಿಗಲಿಲ್ಲ. ನಿಮ್ಮ ಚಿತ್ರದ ನೆನಪಿನಿಂದ ಅಂದಾಜಿನಲ್ಲಿ ಇಡುತ್ತಿದ್ದಾಗ ಗೋಡೆಯ ಆಚೆಯಿಂದ ಅಪ್ಪನ ದನಿ ಕೇಳಿತು. "ಅಲ್ಲಲ್ಲ. ಇನ್ನೊಂದು ಚೂರು ಎಡಕ್ಕೆ." ಹಾಲು ಕರೆಯುವ ಬಕೆಟ್ಟು ಹಿಡಿದು ಅಮ್ಮ ಅವನ ಹಿಂದೆಯೇ ಬರುತ್ತಿದ್ದಳು. ಬಕೆಟ್ಟನ್ನು ಕೆಳಗಿಟ್ಟು, "ಎಡಕ್ಕೆ ಅಂದ್ರೆ ಎಲ್ಲಿ? ಬಂದು ತೋರ್ಸು," ಎಂದಳು. ಅಪ್ಪ ಗೋಡೆ ಹತ್ತಿ ಇಳಿದು, ಅವಳಿಗೆ ಕೈ ಕೊಟ್ಟು ಇಳಿಸಿಕೊಂಡ. ಅವರಿಬ್ಬರೂ ಬರುವುದು ತಡವಾಗುವಂತೆ ಕಂಡಿತು. ನಾನು ಬಕೆಟ್ಟು ತೆಗೆದುಕೊಂಡು ಹೋಗಿ ಹಾಲು ಕರೆದೆ.