ಎದ್ದು ಬಾರದವರು

ಕ್ಲಿನಿಕ್ಕಿನಿಂದ, ಮಾರ್ಚ್ 12
ಮಧ್ಯಾಹ್ನದ ಬಿಡುವಿನಲ್ಲಿ

ಪ್ರೀತಿಯ ತಮ್ಮಾ,

ಸೊಂಟದ ನೋವು ಹೇಗಿದೆ? ಲಾರಿ ಓಡಿಸುವಾಗ ಬೆನ್ನಿಗೆ ದಿಂಬು ಕೊಟ್ಟುಕೋ ಎಂದು ಹೇಳಿ ಹೇಳಿ ನನ್ನ ಬಾಯಿ ಸವೆಯಿತು. ನಿನ್ನ ಹೆಂಡತಿಯ ಕೆಮ್ಮು ಕಡಿಮೆಯಾಯಿತೇ? ಪುಟ್ಟಿಗೆ ಮುಂದಿನ ಹಲ್ಲು ಬಿದ್ದಿದೆ ಎಂದು ನೀನು ಬರೆದಿದ್ದೆ. ಹೊಸದು ಸೊಟ್ಟಗೆ ಬಂದರೂ ಗಾಬರಿಯಾಗಬೇಡ. ಹಲ್ಲಿನ ಡಾಕ್ಟರ ಹತ್ತಿರ ಹದಿನಾಲ್ಕು ವರ್ಷ ದುಡಿದವಳು ಹೇಳುತ್ತಿದ್ದೇನೆ, ತಾನಾಗಿ ಸರಿಹೋಗುತ್ತದೆ. ನಾವು ಆರಾಮ. ನಿನ್ನ ಭಾವನಿಗೆ ಹಿಡಿದಿದ್ದ ಚುನಾವಣೆಯ ಜ್ವರವೂ ಇಳಿದಿದೆ.

ನಮ್ಮ ಡಾಕ್ಟರು ನಗರಸಭೆಗೆ ನಿಂತಿದ್ದಾರೆ, ಅವರು ಗೆದ್ದರೆ ನಾವು ಊರಿಗೆ ಬಂದು ಇರಬಹುದೇ, ಹೊಳೆಯಾಚೆಯ ನನ್ನವಳನ್ನು ಬೀದಿಯವರು ಮನುಷ್ಯಳಂತೆ ನೋಡುತ್ತಾರೆಯೇ ಎಂದು ನೀನು ಕೇಳಿದ್ದೆ. ಉತ್ತರ ಬರೆಯಲು ನಾನು ತಡಮಾಡಿದ್ದು ಕೆಲಸದಿಂದಲ್ಲ. ಹೋದ ತಿಂಗಳು ಯಾರೋ ಏಳು ವರ್ಷದ ಹಿಂದಿನ ವಿಡಿಯೋ ತುಣುಕೊಂದನ್ನು ಎಲ್ಲರ ಫೋನಿಗೂ ಹಂಚಿದರು. ಅದರಲ್ಲಿ ನಮ್ಮ ಪ್ರಾರ್ಥನಾ ಮಂದಿರದ ಗುರುಗಳು, ಹೊಳೆಯಾಚೆಯ ಕಪ್ಪು ಜನರ ರಕ್ತ ನಮ್ಮ ಮನೆಗಳಿಗೆ ಸೇರಕೂಡದು, ದೇವರು ಬೇರೆಯಾಗಿಟ್ಟದ್ದನ್ನು ಕೂಡಿಸಬೇಡಿ ಎನ್ನುತ್ತಾರೆ. ಮುಂದಿನ ಸಾಲಿನಲ್ಲಿ ನಮ್ಮ ಡಾಕ್ಟರು, ಮಡಿಲಲ್ಲಿ ಕೈಯಿಟ್ಟು ಕೂತಿದ್ದಾರೆ.

ಮರುದಿನದಿಂದ ಹೊಳೆಯಾಚೆಯವರು ಬರುವುದನ್ನೇ ಬಿಟ್ಟರು. ಅದಕ್ಕಿಂತ ಹಿಂಸೆಯಾದದ್ದು, ಎಂದೂ ಬಾರದ ಕೆಲವರು ಬಂದು ಡಾಕ್ಟರ ಕೈ ಕುಲುಕಿ, “ನೀವು ನಮ್ಮವರೇ ಅಂತ ಈಗ ಗೊತ್ತಾಯ್ತು” ಎಂದದ್ದು. ಅವರು ಹೋದ ಮೇಲೆ ಡಾಕ್ಟರು ಎರಡು ಸಲ ಕೈ ತೊಳೆದರು.

ಆ ವಾರ ಮಾರುಕಟ್ಟೆಯ ಸಭಾಂಗಣದಲ್ಲಿ ಮಾತಾಡಿದರು. ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. “ನಮ್ಮಪ್ಪ ಸಾಯೋವಾಗ ಪಕ್ಕದಲ್ಲಿ ಕೂತಿದ್ದವರು ಆ ಗುರುಗಳು. ಅವರನ್ನ ಬಿಡೋಕಾಗಲ್ಲ. ಅವರ ಆ ಮಾತನ್ನ ಒಪ್ಪೋಕೂ ಆಗಲ್ಲ. ಬಣ್ಣ ನೋಡಿ ಮನುಷ್ಯರನ್ನ ಅಳೆಯೋದು ಪಾಪ. ಅವತ್ತು ನಾನು ಎದ್ದು ಹೊರಗೆ ಬರಬೇಕಿತ್ತು, ಬರಲಿಲ್ಲ,” ಎಂದರು. ಅರ್ಧ ಜನ ಚಪ್ಪಾಳೆ ತಟ್ಟಿದರು, ಅರ್ಧ ಜನ ಕುರ್ಚಿ ಸರಿಸಿ ಎದ್ದುಹೋದರು. ಪತ್ರಿಕೆಯಲ್ಲಿ ಬಂದದ್ದು “ಬಿಡೋಕಾಗಲ್ಲ” ಎಂಬ ಮಾತೊಂದೇ. ನಿನ್ನ ಭಾವ ಅದನ್ನೇ ಓದಿ, “ನುಣ್ಣಗೆ ಜಾರಿಕೊಂಡ ನೋಡು” ಎಂದರು. ನಾನು ಪೂರ್ತಿ ಕೇಳಿದವಳು, ಆದರೂ ಪತ್ರಿಕೆ ಮಡಿಸಿಟ್ಟು ಒಳಗೆ ಹೋದೆ.

ಆಮೇಲೆ ಹೊಳೆಯಾಚೆಯಿಂದ ಒಬ್ಬರೇ ಬಂದರು, ನಿನ್ನ ಹೆಂಡತಿಗೆ ಮದುವೆಯ ಬಟ್ಟೆ ಹೊಲಿದುಕೊಟ್ಟ ಟೈಲರಮ್ಮ. ಡಾಕ್ಟರು ದೀಪ ತಿರುಗಿಸಿ ಬಾಯಿ ತೆರೆಯಿರಿ ಎಂದರು. ಅವರು ತೆರೆಯಲಿಲ್ಲ. “ಹನ್ನೊಂದು ವರ್ಷದಿಂದ ನಿಮ್ಮ ಮುಂದೆ ಬಾಯಿ ತೆಗೆದು ಕೂತಿದ್ದೀನಿ ಡಾಕ್ಟ್ರೇ. ನಮಗೋಸ್ಕರ ನೀವು ಒಂದೇ ಒಂದ್ಸಲಾನೂ ತೆಗೀಲಿಲ್ವಲ್ಲ?” ಡಾಕ್ಟರು ಮಾಸ್ಕ್ ಇಳಿಸಿ, “ತಪ್ಪಾಯ್ತಮ್ಮ” ಎಂದರು. “ವೋಟು ಹಾಕ್ತೀನೋ ಇಲ್ವೋ ಗೊತ್ತಿಲ್ಲ. ಹಲ್ಲು ನೋಡಿ,” ಎಂದು ಅವರು ಕಣ್ಣು ಮುಚ್ಚಿದರು. ಡಾಕ್ಟರ ಕೈ ಸ್ಥಿರವಾಗಿಯೇ ಇತ್ತು. ಎಂಜಲು ಎಳೆಯುವ ಕೊಳವೆಯನ್ನು ನಾನೇ ಎರಡು ಸಲ ತಪ್ಪಿ ಅವರ ತುಟಿಗೆ ತಾಗಿಸಿದೆ.

ನಿನ್ನೆ ಎಣಿಕೆ ಮುಗಿಯಿತು. ಸೋತರು. ಇಂದು ಬೆಳಿಗ್ಗೆ ಎಂಟಕ್ಕೇ ಬಂದು ಕಿಟಕಿಯ ಪೋಸ್ಟರನ್ನು ತಾವೇ ಬಿಡಿಸಿ, ಗಾಜಿಗೆ ಅಂಟಿದ ಗೋಂದನ್ನು ಉಗುರಿನಿಂದ ಕೆರೆಯುತ್ತಿದ್ದರು. ಯಾಕೋ ನೋಡಲಾಗಲಿಲ್ಲ. ಅವರು ಸೋತರೆಂದು ನೀನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದುಕೊಳ್ಳಬೇಡ.

ಪುಟ್ಟಿಗೆ ಅತ್ತೆಯ ಮುತ್ತು. ನೀವು ಮೂವರೂ ತಣ್ಣಗಿರಿ.

ನಿನ್ನ
ಅಕ್ಕ

ಮರೆತಿದ್ದೆ ಎಂದು ಸುಳ್ಳು ಬರೆಯಲಾರೆ: ಆ ವಿಡಿಯೋದ ಉದ್ದನೆಯ ಪ್ರತಿಯೂ ಈಗ ಹರಿದಾಡುತ್ತಿದೆ, ನಿಮಗೂ ತಲುಪುತ್ತದೆ. ನಿನ್ನ ಮದುವೆಯಾಗಿ ಆಗ ಎರಡೇ ತಿಂಗಳು. ಗುರುಗಳು ಹೇಳಿದ್ದು ನಮ್ಮ ಮನೆಯ ಬಗ್ಗೆಯೇ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಎಲ್ಲರೂ ನನ್ನತ್ತ ತಿರುಗಿದರು. ಡಾಕ್ಟರು ಮಡಿಲಿನಿಂದ ಕೈಯೆತ್ತಲಿಲ್ಲ. ಚಪ್ಪಾಳೆ ತಟ್ಟಿದ್ದು ನಾನು. ಇದನ್ನು ನಿನ್ನ ಹೆಂಡತಿಗೆ ನೀನು ಹೇಳಬೇಡ. ಭಾನುವಾರ ಹತ್ತು ಗಂಟೆಗೆ ಫೋನ್ ಮಾಡುತ್ತೇನೆ, ಅವಳ ಕೈಗೆ ಕೊಡು. ನಾನೇ ಹೇಳುತ್ತೇನೆ.