ಬೆರಳುದ್ದದ ಗಾಯ

ತಿ. ನರಸೀಪುರ
18-8-2024

ಹೆಡತಲೆಯ ಶ್ರೀ ಗುರುಪ್ರಸಾದ್ ಅವರಿಗೆ, ಅವರ ಹೆಂಡತಿ ಬಿಂದುಶ್ರೀ ಬರೆಯುವುದು.

ನಿಮ್ಮ ಎರಡು ಕಾಲೂ ನೆಟ್ಟಗಿವೆ, ಆದ್ದರಿಂದ ಕ್ಷೇಮ ವಿಚಾರಿಸುವುದಿಲ್ಲ. ಫೋನಿನಲ್ಲಿ ಮಾತು ಶುರುಮಾಡಿದರೆ ಅರ್ಧಕ್ಕೇ "ತಡಿ, ಅವ್ವಂಗೆ ಕೊಡ್ತೀನಿ" ಎನ್ನುತ್ತೀರಿ. ಅದಕ್ಕೇ ಕಾಗದ. ಇದನ್ನೂ ಅವರ ಮುಂದೆ ಹಿಡಿಯುವಿರೇನೋ, ಹಿಡಿಯಿರಿ.

"ಅವ್ವಂಗೆ ಹಾಲು ಕರೆಯೋಕಾಯ್ತಿಲ್ಲ, ಬಿರ್ರನೆ ಬಾ" ಎಂದು ಮೆಸೇಜು ಹಾಕಿದ್ದೀರಿ. ನನ್ನ ಕಾಲು ಹೇಗಿದೆ ಎಂಬ ಒಂದು ಮಾತು ಅದರಲ್ಲಿಲ್ಲ. ಇರುವುದಾದರೂ ಹೇಗೆ? ನಿಮ್ಮ ಮನೆಯವರ ಪ್ರಕಾರ ನನಗೆ ಏನೂ ಆಗಿಯೇ ಇಲ್ಲವಲ್ಲ!

ನಿಮ್ಮ ಬೈಕಿನಿಂದ ಬಿದ್ದು ನನ್ನ ಮಂಡಿಯ ಕೆಳಗಿನ ಮೂಳೆ ಒಡೆದದ್ದನ್ನು ನೀವೇ ನೋಡಿದಿರಿ. ಮೈಸೂರಿನ ಡಾಕ್ಟರು ಕಾಲನ್ನು ಉದ್ದಕ್ಕೆ ಸೀಳದೆ, ಎರಡು ಕಡೆ ಸಣ್ಣಗೆ ಕೊಯ್ದು, ಟಿವಿಯಂಥ ಪರದೆಯಲ್ಲಿ ಮೂಳೆ ನೋಡಿಕೊಂಡು, ಚರ್ಮದೊಳಗೇ ಪ್ಲೇಟು ತೂರಿಸಿ ಸ್ಕ್ರೂ ಹಾಕಿದರು. ಹೊರಗಿನ ಗಾಯ ಚಿಕ್ಕದು, ಒಳಗೆ ಮೂಳೆ ಚೂರಾಗಿದೆ, ಅದು ಕೂಡುವ ತನಕ ಕಾಲೂರಬಾರದು ಎಂದು ನಿಮ್ಮನ್ನೇ ಕೂರಿಸಿಕೊಂಡು ಹೇಳಿದರು. ನೀವು ತಲೆಯಾಡಿಸಿದಿರಿ. ಕೋಲೆಬಸವನೂ ತಲೆಯಾಡಿಸುತ್ತಾನೆ.

ಮನೆಯಲ್ಲಿ ಬ್ಯಾಂಡೇಜು ಬಿಚ್ಚಿದ ದಿನ ನಿಮ್ಮ ತಾಯಿ ಬಗ್ಗಿ ನೋಡಿ, "ಇಷ್ಟೇಯಾ? ಬೆರಳುದ್ದ ಗಾಯಕ್ಕೆ ಇಷ್ಟೊಂದು ರಂಪವಾ!" ಎಂದರು. ಆ ಮನೆಯಲ್ಲಿ ಆಪರೇಷನ್ ಎಂದರೆ ನಿಮ್ಮ ದೊಡ್ಡಪ್ಪ ಪುಟ್ಟಬಸವಯ್ಯನವರದು ಒಂದೇ. ಮದುವೆಮನೆಯಲ್ಲೂ ಪಂಚೆ ಎತ್ತಿ, ತೊಡೆಯಿಂದ ಮಂಡಿ ದಾಟಿದ ಹೊಲಿಗೆಯ ಗುರುತನ್ನು ತೋರಿಸುತ್ತಾರಲ್ಲ, ಅದು! ಆ ಮಹಾನುಭಾವರು ನನ್ನ ಕಾಲು ನೋಡಿ, "ಇದು ಆಪರೇಸನ್ನೇ ಅಲ್ಲ ಕಣ್ಲಾ, ಎದ್ದು ಓಡಾಡಿದ್ರೆ ಎಲ್ಲಾ ಸರ್ಯೋಯ್ತದೆ" ಎಂದು ನಿಮಗೆ ತೀರ್ಪು ಹೇಳಿದರು. ಬಿ.ಎಸ್ಸಿ. ಓದಿದ ನೀವು ನನ್ನ ವಾಕರನ್ನು ತೆಗೆದುಕೊಂಡು ಹೋಗಿ ಅಟ್ಟದ ಮೇಲಿಟ್ಟಿರಿ. ನಾನು ಗೋಡೆ ಹಿಡಿದುಕೊಂಡು ಕೊಟ್ಟಿಗೆಗೆ ಹೋದೆ.

ಮಂಡಿ ಕುಂಬಳಕಾಯಿಯಂತೆ ಊದಿದ ಮೇಲೆ ಅಪ್ಪ ಬಂದು ಕರೆದುಕೊಂಡು ಹೊರಟರು. ಆಗಲೂ ನೀವು ಗೇಟಿನ ಹತ್ತಿರ ನಿಂತು "ಯಾವಾಗ ಬತ್ತೀಯ?" ಎಂದಿರಿ. ಮೂಳೆ ಜರುಗಿದೆ, ಕೂಡದಿದ್ದರೆ ಇನ್ನೊಂದು ಆಪರೇಷನ್, ಆಮೇಲೂ ಕುಂಟು ಉಳಿಯಬಹುದು ಎಂದು ಡಾಕ್ಟರು ಹೇಳಿದಾಗ ಭಯಪಟ್ಟು ಅತ್ತುಬಿಟ್ಟೆ. ಆಗ ನಿಮ್ಮ ಮೇಲೆ ಕೋಪವಿತ್ತು. ಕೋಪ ಮಾಡಿಕೊಳ್ಳಲೂ ಎದುರಿಗಿರುವವನಿಗೆ ಒಂದು ಯೋಗ್ಯತೆ ಬೇಕು. ಈಗ ನಿಮ್ಮನ್ನು ನೆನೆದರೆ ಹೇಸಿಗೆಯಾಗುತ್ತದೆ, ಅಷ್ಟೇ. ಹಾಲು ಕರೆಯಲು ನಿಮ್ಮ ದೊಡ್ಡಪ್ಪನವರನ್ನು ಕೂರಿಸಿ.

ಇಂತಿ,
'ನಿಮ್ಮ' ಎಂದು ಬರೆಯಲು ಮನಸ್ಸು ಬಾರದ
ಬಿಂದುಶ್ರೀ

ಮರೆತಿದ್ದೆ: ಮೂಳೆ ಕೂಡಿದೆ ಎಂದು ಡಾಕ್ಟರು ಹೇಳಿ ತಿಂಗಳಾಯಿತು. ಕೋಲಿಲ್ಲದೆ ನಡೆಯುತ್ತಿದ್ದೇನೆ. ಹೋದ ಸೋಮವಾರ ಒಬ್ಬಳೇ ನಂಜನಗೂಡಿಗೆ ಬಂದು ನಂಜುಂಡೇಶ್ವರನಿಗೆ ಕೈಮುಗಿದೆ. ಬಸ್ ಸ್ಟ್ಯಾಂಡಿನಲ್ಲಿ ಹೆಡತಲೆಯ ಬಸ್ಸು ಕಣ್ಣೆದುರಿಗೇ ನಿಂತಿತ್ತು. ನಾನು ನರಸೀಪುರದ ಬಸ್ಸು ಹತ್ತಿದೆ.